ತೊಂಬತ್ತಾರರ ಮುಂದಿನ ಪುಟ

ಅಲ್ಲ, ನಗಾಕತ್ತೀರಲ್ರಿ ಅಂಬಾದಾಸರ! ಸಭೆ ಹನ್ನೊಂದಕ್ಕ, ಮೇಷ್ಟ್ರು ಹತ್ತಕ್ಕಽ ಬಂದು ಕುಂತಾನ ಅಂತ ನಗಾಕತ್ತೀರಿ? ನಗ್ರಿ. ಹತ್ತಕ್ಕ ಎರಡು ನಿಮಿಷ ಇದ್ದಾಗ ನಿಮ್ಮ ಬಾಗಿಲು ಬಡದೀನಿ. ಬೇಕಂತಽ ಬಂದೀನಿ. ಉಳಿದವರು ಬರೂದ್ರೊಳಗ ನಿಮ್ಮ ಜೋಡಿ ಒಂದು ಮಾತು ಆಡೂದೈತಿ... ಚಾ ಬ್ಯಾಡ್ರಿ. ಬ್ಯಾಡ ಅಂದ್ನಲ್ಲ! ಕುರ್ಚಿ ಆಮ್ಯಾಲೆ ಇಬ್ಬರೂ ಕೂಡಿ ಹಾಕೂಣು. ಈಗ ಕುಂದರ್ರಿ.

ಆರಾಮ ಇದ್ದೀನಿ. ನಾಂಪಲ್ಲಿಯಿಂದ ಮೆಟ್ರೋದಾಗ ಬಂದೆ. ಒಬ್ಬನಽ ಬಂದೆ... ಹೂಂ. ಇನ್ನ ಒಬ್ಬನಽ ಬರಬೇಕಲ್ಲ. ಆಗಸ್ಟ್ ಹತ್ತೊಂಬತ್ತಕ್ಕ ಸುವರ್ಣಾ ಹೋದ್ಲು, ಇವತ್ತು ಮಾರ್ಚ್ ಎರಡನೇ ಐತವಾರ. ಆರು ತಿಂಗಳು ಮುಗದು ಏಳನೇದು ನಡದೈತಿ. ಹೆಂಡತಿ ಸತ್ತವನಿಗೆ ಏನು ಅನ್ನಬೇಕೋ ಅದನ್ನ ನೀವು ಆವಾಗಽ ಅಂದು ಮುಗಿಸೀರಿ. ಮತ್ತೊಮ್ಮೆ ಅನ್ನಬ್ಯಾಡ್ರಿ.

ನಾ ಬಂದಿದ್ದು ಪುಸ್ತಕದ ಸಲುವಾಗಿ. ತಿಂಗಳಿಗೊಮ್ಮೆ ಈ ಉಪ್ಪಲ್ ಮನಿಯಾಗ ನಮ್ಮ ಮಂದೀನ ಸುತ್ತ ಕುಂದರಿಸಿ ಕೇಳ್ತೀರಲ್ಲ, ‘ಈಗ ಏನು ಓದಾಕತ್ತೀರಿ’ ಅಂತ? ಓದಿ ಮುಗಿಸಿದ್ದು ತರಬಾರದು, ಓದಾಕತ್ತಿದ್ದಽ ತರಬೇಕು, ನಡುವ ಗುರುತಿನ ಚೀಟಿ ಇರಬೇಕು, ಮೂರು ನಿಮಿಷ ಮಾತಾಡಬೇಕು. ನಿಯಮ ನಿಮ್ಮದಽ. ನಾನೂ ಇವತ್ತ ನಿಯಮ ಪಾಲಿಸೀನಿ. ತಗೋರಿ. ಇದನ್ನ ಓದಾಕತ್ತೀನಿ.

ಗುರುತು ಹಿಡಿದ್ರೇನು? ನಿಮ್ಮ ಕಪಾಟಿಂದಽ. ಹಸಿರು ರಟ್ಟು, ಅಕ್ಕ-ತಂಗಿ ಜಗಳದ ಕಾದಂಬರಿ. ಸುವರ್ಣಾನ ಸೀರಿ ನಡುವ ಸಿಕ್ತು. ಹಿಂದಿನ ರಟ್ಟಿಗೆ ಚೀಟಿ ಅಂಟಿಸೀರಲ್ಲ, ಓದಿದವರು ಹೆಸರು ಬರದು ಒಂದು ಸಾಲು ಬರೀಬೇಕು ಅಂತ? ಅದನ್ನ ಓದ್ರಿ. ಓದವಲ್ರೇನು? ಇರಲಿ, ನಾನಽ ಓದ್ತೀನಿ. ‘ಅಂಬಾದಾಸ. ಪೂರ್ತಿ ಓದಿದೆ. ಒಂದಕ್ಷರ ಬಿಡದೆ ಸವಿದೆ.’ ಅಕ್ಷರ ನಿಮ್ಮದಽ ಹೌದಲ್ಲೋ? ಚಂದ ಐತಿ ಅಕ್ಷರ.

ಈಗ ತೊಂಬತ್ತಾರನೇ ಪುಟ ತೆಗೀರಿ. ತೆಗದ್ರ್ಯಾ? ಈಗ ಅದರ ಎದುರಿನ ಪುಟ ನೋಡ್ರಿ. ಎಷ್ಟನೇ ಪುಟ? ಗಟ್ಟಿಯಾಗಿ ಓದ್ರಿ, ನಾಚಬ್ಯಾಡ್ರಿ... ನೂರಾ ಹದಿಮೂರು! ಹದಿನಾರು ಪುಟ ಇಲ್ಲ. ಯಾರೂ ಹರದಿಲ್ಲ, ಹೊಲಿಗಿ ನೋಡ್ರಿ, ಗಟ್ಟಿ ಐತಿ. ಪುಸ್ತಕ ಕಟ್ಟುವಾಗಽ ಅಷ್ಟು ಹಾಳಿ ಬಿಟ್ಟಾರ. ತೊಂಬತ್ತಾರರಾಗ ತಂಗಿ ‘ನಿನ್ನ ಮಾರಿ ನೋಡಂಗಿಲ್ಲ’ ಅಂತ ಅಕ್ಕನ ಹೊಸ್ತಿಲು ದಾಟಿ ಹೋಗ್ತಾಳ. ನೂರಾ ಹದಿಮೂರರಾಗ ಅಕ್ಕ ಆಕಿ ತಲಿ ಹಿಕ್ಕಾಕತ್ತಾಳ. ನಡುವ ಏನಾತು? ನೀವು ಪೂರ್ತಿ ಓದೀರಲ್ಲ, ಹೇಳ್ರಿ!

ಫ್ಯಾನು ಜೋರು ಮಾಡಲೇನು?

ಇವತ್ತ ನನ್ನ ಸರದಿ ಬಂದಾಗ ಇದನ್ನಽ ಎತ್ತಿ ತೋರಸ್ತೀನಿ. ಗೋದಾಬಾಯಿ ಇರ್ತಾರ, ಕೊಂಡಾಪುರದಿಂದ ಕೇದಾರ ಬಂದಿರ್ತಾನ, ಇನ್ನೂ ಹತ್ತು ಮಂದಿ. ಅಂಬಾದಾಸರು ಓದದ ಪುಸ್ತಕ ಇಲ್ಲ ಅಂತ ನಂಬಿದವರು ಎಲ್ಲಾರೂ. ಅವರ ಮುಂದ ಒಂದಽ ಪ್ರಶ್ನೆ ಕೇಳ್ತೀನಿ, ನೂರನೇ ಪುಟದಾಗ ಏನೈತಿ ಅಂತ. ದನಿ ಏರಸಂಗಿಲ್ಲ. ಇಪ್ಪತ್ತೊಂಬತ್ತು ವರ್ಷ ಸಾಲಿಯಾಗ ಕಲಿಸೀನಿ, ಓದದ ಬಂದವನ್ನ ನಿಲ್ಲಿಸಿ ಹೆಂಗ ಕೇಳಬೇಕು, ಕೇಳಿ ಎಷ್ಟೊತ್ತು ಸುಮ್ಮನಿರಬೇಕು, ನನಗ ಗೊತ್ತೈತಿ. ನೀವು ತೊದಲಬೇಕು. ಅವರು ನಗಬೇಕು. ಆವಾಗ ನಾ ಹೊಳ್ಳಿ ಮನಿಗೆ ಹೋಗ್ತೀನಿ.

ಯಾಕ ಅಂತ ಕೇಳ್ತೀರೇನು? ಹೋದ ಏಪ್ರಿಲ್ ಮರ್ತ್ರೇನು?

ಸುವರ್ಣಾ ಈ ಊರಾಗಽ ಹುಟ್ಟಿದಾಕಿ. ಕಲಿತಿದ್ದು ತೆಲುಗು ಸಾಲಿಯಾಗ, ಏಳನೆತ್ತೆ ಮಟ. ಮನಿಯಾಗ ಕನ್ನಡ ಆಡ್ತಿದ್ಲು, ಓದಾಕ ಬರ್ತಿರಲಿಲ್ಲ. ನಲವತ್ತೊಂಬತ್ತನೇ ವಯಸ್ಸಿಗೆ ನನ್ನ ಸಾಲಿ ಒಂದನೆತ್ತೆ ಪುಸ್ತಕ ಹಿಡಕೊಂಡು ಕುಂತ್ಲು. ‘ತೆಲುಗು, ಕನ್ನಡ ಎರಡೂ ಅಕ್ಷರ ಅಕ್ಕ-ತಂಗಿ ಇದ್ದಂಗ ಅದಾವರಿ, ನೆತ್ತಿ ಮ್ಯಾಲಿನ ಕೊಂಡಿ ಅಷ್ಟಽ ಬ್ಯಾರೆ’ ಅಂತಿದ್ಲು. ಎರಡು ವರ್ಷದಾಗ ಈ ಕಾದಂಬರಿಗೆ ಬಂದ್ಲು. ಆಕಿ ಹಿಡಿದ ಮೊದಲನೇ ದೊಡ್ಡ ಪುಸ್ತಕ ಇದು. ಅಡಿಗಿ ಮನಿ ಸ್ಟೂಲ್ ಮ್ಯಾಲೆ ಕುಂತು, ಬಟ್ಟು ಇಟ್ಟು, ತುಟಿ ಅಲಗಿಸಿಕೋತ... ಕುಕ್ಕರ್ ಏಳು ಸೀಟಿ ಹೊಡದ್ರೂ ಖಬರ ಇರ್ತಿರಲಿಲ್ಲ. ವಾರಕ್ಕ ಮೂರು ದಿನ ಮೆತ್ತಗಾದ ಅನ್ನ ಉಂಡೀನಿ.

ಏಪ್ರಿಲಿನಾಗ ಇಲ್ಲೇ, ಆ ಕಿಡಕಿ ಬಾಜೂಕ ಕುಂತಿದ್ಲು. ಮೊದಲನೇ ಸಲ ಆಕಿ ಸರದಿ. ಹೇಳಿದ್ಲು: ಮುಂಚಿ ಬಾಗಿಲಿಂದ ಹೋದ ತಂಗಿ, ಊರೆಲ್ಲ ಸುತ್ತಿ ಬಂದು ಹಿತ್ತಲ ಬಾಗಿಲಾಗ ಕುಂತ್ಲು. ಅಕ್ಕ ಮಾತಾಡಲಿಲ್ಲ. ಒಂದು ಚರಿಗಿ ನೀರು ಹೊರಗಿಟ್ಟು ಕದ ಹಾಕಿದ್ಲು. ಮರುದಿನ ಮತ್ತ ಒಂದು ಚರಿಗಿ. ಮೂರನೇ ದಿನ ಎರಡು ಚರಿಗಿ ತಂದಿಟ್ಟು, ತಾನೂ ಹೊಸ್ತಿಲ ಮ್ಯಾಲೆ ಕುಂತ್ಲು.

ಎಲ್ಲಾರೂ ಕಿವಿಗೊಟ್ಟು ಕೇಳಾಕತ್ತಿದ್ರು. ಕೇದಾರ ಸುದ್ದಾ ಫೋನು ಕೆಳಗಿಟ್ಟಿದ್ದ. ಆವಾಗ ಒಂದು ದನಿ ಬಂತು. ‘ಅದು ಪುಸ್ತಕದಾಗ ಇಲ್ಲ.’ ಅಷ್ಟಽ. ಗೋದಾಬಾಯಿ ಸೆರಗು ಬಾಯಿಗೆ ಹಿಡಿದ್ರು. ಕೇದಾರ ‘ಅಕ್ಕಾರು ಸೀರಿಯಲ್ ನೋಡ್ಕೊಂಡು ಬಂದಾರ’ ಅಂದ. ನಕ್ರು. ಎಲ್ಲಾರೂ ನಕ್ರು! ನೀವು ಚಮಚದಿಂದ ಲೋಟ ಬಡದು ‘ಟೈಮ್ ಆತು, ಮುಂದಿನವರು’ ಅಂದ್ರಿ. ಎರಡು ನಿಮಿಷ ಸುದ್ದಾ ಆಗಿರಲಿಲ್ಲ. ಗೋಡಿ ಗಡಿಯಾರ ನಾ ನೋಡೀನಿ.

ನೀವು ಈ ಪುಸ್ತಕ ಖರೆ ಓದಿದ್ರ ಆ ಪುಟ ಇಲ್ಲ ಅಂತ ನಿಮಗ ಗೊತ್ತಿರ್ತಿತ್ತು. ‘ತಂಗೆವ್ವ, ಈ ಪ್ರತಿಯೊಳಗ ಹದಿನಾರು ಪುಟ ಇಲ್ಲ, ನೀವು ನಿಮ್ಮ ಮನಸಿನಿಂದ ತುಂಬಿಸೀರಿ’ ಅಂದಿದ್ರ ಸಾಕಿತ್ತು. ಆಕಿ ಸುಳ್ಳು ಹೇಳಿರಲಿಲ್ರಿ! ಪುಟದ ಅಂಕಿ ನೋಡೂ ರೂಢಿ ಆಕಿಗೆ ಇರಲಿಲ್ಲ. ಜಗಳಾಡಿದವರು ಮತ್ತ ಕೂಡ್ಯಾರ ಅಂದ್ರ ನಡುವ ಇಂಥದ್ದೇನೋ ಆಗಿರಬೇಕು ಅಂತ ಆಕಿಗೆ ಕಂಡ್ತು. ಕಂಡಿದ್ದನ್ನ ಓದೀನಿ ಅಂತ ತಿಳಕೊಂಡ್ಲು. ಅಷ್ಟಽ ತಪ್ಪು.

ಇಲ್ಲ, ಅವಮಾನದಿಂದ ಸತ್ಲು ಅಂತ ನಾ ಹೇಳಂಗಿಲ್ಲ. ಇಲ್ಲದ್ದು ಹೇಳೂ ಮನಷ್ಯಾ ಅಲ್ಲ ನಾ. ಡೆಂಗ್ಯೂ ಆಗಿತ್ತು. ಪ್ಲೇಟ್‌ಲೆಟ್ ಹನ್ನೊಂದು ಸಾವಿರಕ್ಕ ಬಂದಿತ್ತು, ಐದನೇ ದಿನ ಹೋದ್ಲು. ಆದ್ರ ಏಪ್ರಿಲಿಂದ ಆಗಸ್ಟಿನ ಮಟ ಆಕಿ ಹೆಂಗಿದ್ಲು ಅನ್ನೂದು ನನಗ ಗೊತ್ತು. ಅದರ ಬಾಕಿ ನಿಮ್ಮ ಕಡೆಯಿಂದ ವಸೂಲು ಮಾಡದ ನಾ ಬಿಡಂಗಿಲ್ಲ.

ನಾ ಬರೇ ಮಾತಾಡಾಕ ಬಂದಿಲ್ರಿ, ಪುರಾವೆ ತಂದೀನಿ. ಅಬಿಡ್ಸ್ ಫುಟ್‌ಪಾತಿನಾಗ ಐತವಾರ ಹಳೇ ಪುಸ್ತಕ ಹರವತಾರಲ್ಲ, ಐದು ಐತವಾರ ಹುಡುಕಿ ಇನ್ನೊಂದು ಪ್ರತಿ ತಂದೆ. ಆ ಹದಿನಾರು ಪುಟ ಓದಿದೆ. ಸೋದರಮಾವ ಬರ್ತಾನ, ಪಂಚಾಯ್ತಿ ಆಗ್ತೈತಿ, ಹೊಲ ಹಂಚತಾರ, ರಾಜಿ. ಹಿತ್ತಲ ಇಲ್ಲ, ಚರಿಗಿ ಇಲ್ಲ. ಅಂದವರು ಅಂದಿದ್ದು ಸರೀನಽ ಇತ್ತು ಅನ್ರಿ. ಕಾಲೇಜಿನಾಗ ಓದಿದ್ದಾದ್ರೂ ನೆನಪು ಬರಾಬರ್ ಇತ್ತು...

ಯಾಕ? ಯಾಕ ತಲಿ ಎತ್ತಿದ್ರಿ?

ಯಾರು ಅಂದ್ರು ಅನ್ನೂದು ಇಲ್ಲಿ ಪ್ರಶ್ನೆ ಅಲ್ಲ. ಯಾರೋ ಅಂದ್ರು. ಹನ್ನೆರಡು ಮಂದಿ ಇದ್ರು, ಒಬ್ಬರು ಅಂದ್ರು... ಹಂಗ ನೋಡಬ್ಯಾಡ್ರಿ ನನ್ನ. ತಪ್ಪು ನಿಮ್ಮದು! ಚೀಟಿ ಮ್ಯಾಲೆ ಹೆಸರು ನಿಮ್ಮದು! ಓದಿಲ್ಲ ಅಂತ ಒಪ್ಪಿಕೋರಿ. ಇಲ್ಲಾ, ಜಗಳಾ ಆಡ್ರಿ. ‘ಮೇಷ್ಟ್ರ, ಆ ದನಿ ಯಾರದು’ ಅಂತ ಕೇಳ್ರಿ. ಅದೊಂದು ಕೇಳಿಬಿಟ್ರ ನೀವು ಪಾರು. ಕೇಳ್ರಲ್ಲ!

ಕೇಳವಲ್ರಿ.

ಮಣ್ಣಿಗೆ ಬಂದಾಗೂ ಕೇಳಲಿಲ್ಲ. ಆಮ್ಯಾಲೆ ನನ್ನ ಮನಿಯಾಗ ಎರಡು ತಾಸು ಕುಂತ್ರಿ, ನಾ ನಿಮಗ ನೀರು ಸುದ್ದಾ ಕೊಡಲಿಲ್ಲ, ಆವಾಗೂ ಕೇಳಲಿಲ್ಲ. ಗೋದಾಬಾಯಿ ಮುಂದ, ಕೇದಾರನ ಮುಂದ, ಎಲ್ಲೂ ಈ ಮಾತು ಎತ್ತಿಲ್ಲ ನೀವು... ಲೋಟ ಅಷ್ಟು ಲಗೂ ಯಾಕ ಬಡದ್ರಿ ಅಂಬಾದಾಸರ? ನಗೂದು ನಿಲ್ಲಲಿ ಅಂತೇನು? ಹೌದೇನು? ‘ಹೂಂ’ ಅಂತರ ಅನ್ರಿ.

ನಾನಽ. ನಾನಽ ಅಂದೆ. ಆಕಿ ಬಾಜೂಕ ಕುಂತು, ಆಕಿ ಮಾರಿ ಸುದ್ದಾ ನೋಡದ ಅಂದೆ. ತಪ್ಪು ಉತ್ತರದ ಮ್ಯಾಲೆ ಕೆಂಪು ಗೀಟು ಎಳೀತೀವಲ್ಲ, ಹಂಗ. ಕೈ ತಾನಽ ಹೋಗ್ತೈತಿ. ನಕ್ಕವರೊಳಗ ನಾನೂ ಇದ್ದೆ. ನೀವೊಬ್ಬರಽ ನಕ್ಕಿರಲಿಲ್ಲ, ಅದೂ ನನಗ ನೆನಪೈತಿ... ಎಲ್ಲಾ ನೆನಪೈತಿ.

ಹೊಳ್ಳಿ ಹೋಗುವಾಗ ಮೆಟ್ರೋದಾಗ ಕೇಳಿದ್ಲು. ‘ಪುಸ್ತಕದಾಗ ಇಲ್ಲ ಅಂದ್ರ ನನಗ ಹೆಂಗ ಕಂಡ್ತರಿ?’ ಸಿಟ್ಟಿಲ್ಲ, ಅಳು ಇಲ್ಲ, ಖರೇನಽ ತಿಳೀದ ಕೇಳಿದ್ಲು. ನಾ ಏನಂದೆ ಗೊತ್ತೇನ್ರಿ? ‘ನೀ ಲಕ್ಷ್ಯ ಕೊಟ್ಟು ಓದಿಲ್ಲ. ಮನಿಗೆ ಹೋಗಿ ಮತ್ತೊಮ್ಮೆ ಓದು’ ಅಂದೆ. ಸಾಲಿ ಹುಡುಗರಿಗೆ ಅಂದಂಗ.

ಓದಿದ್ಲು. ನಾಲ್ಕು ತಿಂಗಳು ಅದಽ ಜಾಗಾ ಓದಿದ್ಲು. ಹಾಳಿ ತಿರುವ್ತಿದ್ಲು, ಹೊಳ್ಳಿ ಬರ್ತಿದ್ಲು, ಮತ್ತ ತಿರುವ್ತಿದ್ಲು. ಎಲ್ಲಿ ತಪ್ಪೀನಿ, ಎಲ್ಲಿ ತಪ್ಪೀನಿ ಅಂತ. ಹಿಂಗಾಗಿ ಮುಂದಕ್ಕ ಹೋಗಲೇ ಇಲ್ಲ. ಮಂದಬುದ್ಧಿ ಅಂತ ನಾ ಪೇಪರ್ ಓದ್ಕೋತ ಕುಂತೆ. ಒಮ್ಮೆ ಬಗ್ಗಿ ನೋಡಿದ್ರ ಆಗ್ತಿತ್ತು. ಎರಡು ಅಂಕಿ ನೋಡಾಕ ಎಷ್ಟೊತ್ತು ಬೇಕ್ರಿ, ಮೇಷ್ಟ್ರಿಗೆ?

...ಬಾಗಿಲಾಗ ಯಾರೋ ಬಂದ್ರು. ಗೋದಾಬಾಯಿ ದನಿ ಅದು. ಏಳಬ್ಯಾಡ್ರಿ, ಒಂದು ನಿಮಿಷ. ಬೈರಿ ನನಗ. ಅವರು ಒಳಗ ಬರೂದ್ರೊಳಗ ಒಮ್ಮೆ ಬೈದುಬಿಡ್ರಿ. ಕೈ ಬಿಡ್ರಿ ಅಂಬಾದಾಸರ, ಕೈ ಹಿಡೀಬ್ಯಾಡ್ರಿ... ಏನರ ಅನ್ರಿ!