ಮಡ್‌ಗಾರ್ಡಿನ ಒಳಗಿನ ಕೈ

ಆ ದೀಪ ಸ್ವಲ್ಪ ಸಣ್ಣದು ಮಾಡಿ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ... ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅವನನ್ನು ಎಲ್ಲರೂ ತಗಡಣ್ಣ ಅಂತಲೇ ಕರೆಯುತ್ತಿದ್ದದ್ದು. ಕಾರುಗಳ ಟಿಂಕರಿಂಗ್ ಕೆಲಸ. ಆವತ್ತು ರಾತ್ರಿ ಹಲ್ಲಿನ ಡಾಕ್ಟರ ಮನೆಯಿಂದ ನಡೆದುಕೊಂಡು ಬರುತ್ತಿದ್ದ. ಡಾಕ್ಟರದ್ದು ಒಂದು ಹಳೇ ಕಾಲದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ಇವನ ಶೆಡ್ಡಿನಲ್ಲಿ ಅರ್ಧ ಕೆಲಸವಾಗಿ ನಿಂತು ತಿಂಗಳುಗಳೇ ಆಗಿದ್ದವು. "ನಿನ್ನ ಸಂಕಟ ನಂಗೆ ಅರ್ಥ ಆಗತ್ತಪ್ಪ. ಆದ್ರೆ ನಾಳೆ ಬೆಳಿಗ್ಗೆ ಬಂದು ಗಾಡಿ ಎಳ್ಕೊಂಡು ಹೋಗ್ತೀನಿ. ಬೇರೆ ಯಾರಾದ್ರೂ ಮುಗಿಸ್ಲಿ," ಅಂದಿದ್ದರು. ಒಳ್ಳೆಯ ಮನುಷ್ಯ. ತುಕ್ಕು ಹಿಡಿದ ತಗಡನ್ನೂ ಹುಳುಕು ಹಲ್ಲಿನ ಹಾಗೆ ಟಾರ್ಚ್ ಬಿಟ್ಟು ನೋಡುವವರು. ಅವರಾದರೂ ಎಷ್ಟು ದಿನ ಅಂತ ಕಾಯುತ್ತಾರೆ?

ಶೆಡ್ಡಿನ ಪಕ್ಕ ಒಂದು ಹಾಳುಬಾವಿ ಇದೆ. ಅದನ್ನು ದಾಟುವಾಗ ಕೇಳಿಸಿತು.

ಟಕ್.

ಒಂದೇ ಸಲ. ಬಾವಿಯಿಂದಲ್ಲ... ಬೀಗ ಹಾಕಿದ ಶೆಡ್ಡಿನ ಒಳಗಿನಿಂದ.

ನೀವಾಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದಿರಿ. ಅವನು ಓಡಲಿಲ್ಲ. ಆ ಸದ್ದು ಅವನಿಗೆ ಗೊತ್ತಿತ್ತು.

ಹೇಳುತ್ತೇನೆ ಕೇಳಿ. ತುಕ್ಕು ತಿಂದ ಮಡ್‌ಗಾರ್ಡನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಹೊಸದನ್ನು ಬೆಸೆಯುತ್ತಾರೆ. ಬೆಸುಗೆಯ ಬಿಸಿಗೆ ತಗಡು ಅಲೆಅಲೆಯಾಗಿ ಏಳುತ್ತದೆ. ಅದನ್ನು ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಕು. ತಟ್ಟುವಾಗ ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದಿರಬೇಕು. ಆ ಇನ್ನೊಬ್ಬರು ಅವನ ಹೆಂಡತಿ, ನಮ್ಮ ಅತ್ತಿಗೆ. ನೆಲದ ಮೇಲೆ ಮಲಗಿ, ಕೆಳಗಿನ ಕಂಡಿಯಲ್ಲಿ ತೋಳನ್ನು ಭುಜದವರೆಗೂ ತೂರಿಸುತ್ತಿದ್ದರು. ಸುತ್ತಿಗೆಯ ಗದ್ದಲದಲ್ಲಿ ಮಾತು ಎಲ್ಲಿ ಕೇಳಬೇಕು? ಅದಕ್ಕೇ ಗಂಡ ಹೆಂಡತಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅತ್ತಿಗೆ ಒಳಗಿನಿಂದ ಒಂದು ಸಲ ತಟ್ಟಿದರೆ, ಹಿಡಿದಿದ್ದೀನಿ, ಹೊಡೀರಿ. ಎರಡು ಸಲ ತಟ್ಟಿದರೆ, ಕೈ ತೆಗೆದೆ, ಬೆಂಕಿ ಹಚ್ಚಬಹುದು. ಅತ್ತಿಗೆ ಜೊತೆಗಿದ್ದಾಗ ಆ ಎರಡು ಸದ್ದು ಕೇಳದೆ ಅವನು ಒಂದು ದಿನವೂ ಬೆಸುಗೆಗೆ ಕೈ ಹಾಕಿದವನಲ್ಲ. "ನಿಮ್ಮಿಬ್ಬರ ನಡುವೆ ಮಾತೇ ಇಲ್ವಾ?" ಅಂತ ನಾವು ರೇಗಿಸಿದರೆ, "ಮಾತಾಡೋರು ಏನು ಕಡಿದು ಕಟ್ಟೆ ಹಾಕಿದಾರೆ, ಸುಮ್ನಿರು," ಅನ್ನುತ್ತಿದ್ದರು ಅತ್ತಿಗೆ.

ಇದೇ ಕಾರಿನ ಎಡಗಡೆ ಮಡ್‌ಗಾರ್ಡ್ ಕತ್ತರಿಸಿದ ದಿನವೇ ಅವರಿಗೆ ಜ್ವರ ವಿಪರೀತವಾಯಿತು. ಆಸ್ಪತ್ರೆಗೆ ಸೇರಿಸಿದ. ಮಂಚದ ಪಕ್ಕದಿಂದ ಏಳದೆ ಕೂತವನನ್ನು ಅತ್ತಿಗೆಯೇ ಎಬ್ಬಿಸಿದರು. "ಹೋಗ್ರೀ, ಗಾಡಿ ಹಂಗೇ ತೆರೆದು ಬಿದ್ದಿದೆ, ತುಕ್ಕು ಹಿಡಿಯತ್ತೆ. ಹೊಸ ತಗಡು ಕೂರಿಸಿ ಬನ್ನಿ." ಹೋದ. ಒಬ್ಬನೇ ಕೂರಿಸಿದ, ಬೆಸೆದ. ಅಲೆ ತಟ್ಟುವುದು ಹಾಗೇ ಉಳಿಯಿತು. ವಾಪಸ್ಸು ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಆಮೇಲೆ ಅವನು ಆ ಕಾರನ್ನು ಮುಟ್ಟಲಿಲ್ಲ. ಬೇರೆಯವರಿಗೂ ಬಿಡಲಿಲ್ಲ. ಅವಳು ಬಾಯಿಬಿಟ್ಟು ಹೇಳಿದ ಕೊನೆಯ ಕೆಲಸ ಅದು. ಅದನ್ನು ಇನ್ನೊಬ್ಬ ಮುಗಿಸಿದರೆ ತಾನು ಅವಳನ್ನು ಒಂಟಿಯಾಗಿ ಬಿಟ್ಟುಬಂದದ್ದಕ್ಕೂ ಅರ್ಥವಿಲ್ಲ ಅಂತ ಅವನ ಸಂಕಟ. ಈಗ ಉಳಿದದ್ದು ಆ ಒಂದು ರಾತ್ರಿ.

ಬೀಗ ತೆಗೆದ. ದೀಪ ಹಾಕಿದ. ಯಾರೂ ಇಲ್ಲ. ಸುತ್ತಿಗೆ ಎತ್ತಿಕೊಂಡು ಮಡ್‌ಗಾರ್ಡಿಗೆ ಒಂದು ಏಟು ಕೊಟ್ಟ. ಒಳಗೆ ಗಟ್ಟಿ ಇಲ್ಲದಿದ್ದರೆ ತಗಡು 'ಡಬ್' ಅನ್ನಬೇಕು, ಖಾಲಿ ಡಬ್ಬದ ಹಾಗೆ.

ಟಿಣ್ ಅಂದಿತು.

ಇನ್ನೊಂದು ಏಟು. ಟಿಣ್. ಸುತ್ತಿಗೆಯನ್ನು ಒಂದು ಗೇಣು ಆಚೆ ಸರಿಸಿದ. ಒಳಗೆ ಏನೋ ಕರ್ರ್... ಅಂತ ಅವನು ಸರಿದ ಕಡೆಗೇ ಜರುಗಿತು.

ಟಕ್.

"ನೀನೇನಾ?" ಪಿಸುಗುಟ್ಟಿದ.

ಟಕ್.

ಕಾರಿನ ಕೆಳಗೆ ಬಗ್ಗಿ ನೋಡಲಿಲ್ಲ ಅವನು. ಹೆದರಿಕೆಯಿಂದಲ್ಲ... ನೋಡಿದರೆ ಎಲ್ಲಿ ಇಲ್ಲವಾಗುತ್ತಾಳೋ ಅಂತ.

ತಟ್ಟಿದ. ಟಿಣ್, ಟಿಣ್, ಟಿಣ್... ಅಲೆಗಳು ಒಂದೊಂದಾಗಿ ಕೂತವು. ಎಲ್ಲ ಕೂತ ಮೇಲೂ ತಟ್ಟಿದ ಕಡೆಯೇ ಮತ್ತೆ ತಟ್ಟಿದ, ಮೆಲ್ಲಗೆ, ಬರೀ ಆ ಸದ್ದಿನ ಆಸೆಗೆ. ಆದರೆ ಹೆಚ್ಚು ತಟ್ಟಿದರೆ ತಗಡು ಹಿಗ್ಗಿ ಕೆಡುತ್ತದೆ. ನಿಲ್ಲಿಸಲೇಬೇಕಾಯಿತು.

ಇನ್ನು ಉಳಿದದ್ದು ಕೆಳಗಿನ ಕಂಡಿಗೆ ಒಂದು ತಗಡು. ಅದನ್ನು ಬೆಸೆದು ಮುಚ್ಚಿದರೆ ಮುಗಿಯಿತು. ಮತ್ತೆ ಯಾರ ಕೈಯೂ ಒಳಗೆ ಹೋಗುವ ಹಾಗಿಲ್ಲ.

"ಕೈ ತೆಗಿ," ಅಂದ.

ಸದ್ದಿಲ್ಲ.

"ಕೈ ತೆಗಿಯೇ... ಬೆಳಗಾಗ್ತಿದೆ. ಡಾಕ್ಟ್ರು ಬಂದ್ಬಿಡ್ತಾರೆ."

ಸದ್ದಿಲ್ಲ... ಶೆಡ್ಡಿನ ಶೀಟು ಚಳಿಗೆ ಎಲ್ಲೋ ಚಿಟ್ ಅಂದಿತು, ಅಷ್ಟೇ.

ಸತ್ತವರ ಕೈ ಸುಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿರಲಿಲ್ಲ. ಬೆಂಕಿ ಹಚ್ಚಲು ಮನಸ್ಸು ಬರಲಿಲ್ಲ. ಕೊನೆಗೆ ಕೈಗವಸು ಕಿತ್ತು, ಅತ್ತಿಗೆ ಮಲಗುತ್ತಿದ್ದ ಜಾಗದಲ್ಲೇ ಮಲಗಿ, ತನ್ನ ದಪ್ಪ ತೋಳನ್ನು ಆ ಕಂಡಿಯೊಳಗೆ ತುರುಕಿದ. ಮೊಣಕೈ ತರಚಿತು. ಇನ್ನೂ ತುರುಕಿದ.

"ನೀನು ಹೋಗು ಅಂದ್ರೂ ನಾನು ಹೋಗ್ಬಾರದಿತ್ತು ಕಣೇ," ಅಂದ. "ನಿನ್ನ ಪಕ್ಕದಲ್ಲೇ ಇರ್ಬೇಕಿತ್ತು."

ಅವಳು ಹೋದ ದಿನ ಅಳದವನು ಆಗ ಬಿಕ್ಕಿಬಿಕ್ಕಿ ಅತ್ತ. ಎಷ್ಟು ಹೊತ್ತೋ...

ಟಕ್... ಟಕ್.

ಎದ್ದ. ಕಪ್ಪು ಕನ್ನಡಕ ಹಾಕಿಕೊಂಡ. ಕಣ್ಣೀರಿಗೆ ಗಾಜು ಮಂಜಾಗುತ್ತಿತ್ತು, ಒರೆಸಿಕೊಂಡು ಒರೆಸಿಕೊಂಡು ಬೆಸೆದ. ಮುಗಿದ ಮೇಲೆ ಮಡ್‌ಗಾರ್ಡನ್ನು ಸುತ್ತಿಗೆಯಲ್ಲಿ ಒಂದು ಸಲ ತಟ್ಟಿ ನೋಡಿದ.

ಡಬ್.

ಬೆಳಿಗ್ಗೆ ನಾನು ಹೋದಾಗ ಡಾಕ್ಟರು ಆಗಲೇ ಬಂದು ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸುತ್ತಿದ್ದರು. "ಒಂದು ಅಲೆ ಇಲ್ವಲ್ಲೋ! ಜೊತೆಗೆ ಯಾರಿದ್ರು?" ಅಂದರು. ಇವನು ಸುತ್ತಿಗೆ ಒರೆಸಿ ಎತ್ತಿಟ್ಟ. ಕಾರು ಹೋದ ಮೇಲೆ ನನ್ನೊಬ್ಬನಿಗೆ ಎಲ್ಲ ಹೇಳಿದ. ನಾನೂ ನಿಮ್ಮ ಹಾಗೇ ನಂಬಲಿಲ್ಲ. "ನಿದ್ದೆಗೆಟ್ಟಿದೀಯ ಅಣ್ಣ, ಮುಖ ತೊಳ್ಕೋ," ಅಂದೆ.

ನಲ್ಲಿಯ ಹತ್ತಿರ ಹೋಗಿ ಬಗ್ಗಿದ. ಬಲಗೈ ಮೊಣಕೈಯಿಂದ ಮೇಲಿನವರೆಗೂ ಆ ಹಳೇ ಕಾರಿನ ಒಳಗಿನ ಮಸಿ ಹತ್ತಿ ಕಪ್ಪಗಿತ್ತು. ಮಣಿಕಟ್ಟಿನ ಸುತ್ತ ಮಾತ್ರ ನಾಲ್ಕು ಗೆರೆ ಚೊಕ್ಕವಾಗಿ ಉಳಿದಿದ್ದವು, ತೆಳ್ಳಗೆ, ಅಡ್ಡಡ್ಡಕ್ಕೆ. ಹಿಂದುಗಡೆ ಇನ್ನೊಂದು, ಹೆಬ್ಬೆರಳಿನದು. ನನ್ನ ಬೆರಳು ಇಟ್ಟು ನೋಡಿದೆ. ನನ್ನವು ದಪ್ಪ, ಕೂರಲಿಲ್ಲ. ನೀವು ನಂಬಿ, ಬಿಡಿ... ಈ ಕಣ್ಣಲ್ಲಿ ಕಂಡದ್ದು. ಅವನು ಆ ಕೈಯನ್ನು ನೀರಿನಿಂದ ದೂರ ಹಿಡಿದುಕೊಂಡೇ, ಎಡಗೈ ಒಂದರಲ್ಲೇ ಮುಖ ತೊಳೆದುಕೊಂಡ.