ಖಂಡೇಪೂಜೆಗೆ ಬಂದ್ ಮಾಡಿದ ಮೋಡೆಮ್

೨೦೦೮ರ ಬನ್ನಿ ಹಬ್ಬದ ಮರುದಿನ ಬೈಲಹೊಂಗಲದ ಫೋನ್ ಆಫೀಸಿನ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಆಯುಧಪೂಜೆಯ ವಿಭೂತಿ ಬಳಿದ ಮೋಡೆಮ್ ಇತ್ತು.

“ಅಪ್‌ಡೇಟ್ ಆಗಾಕತ್ತೈತಿ, ಬಂದ್ ಮಾಡಬ್ಯಾಡ್ರಿ ಅಂತ ಸೊಸಿ ಹೇಳಿರಲಿಲ್ಲೇನು?” ಹೆಂಡತಿ ಕೇಳಿದಳು.

“ಚಾಲೂ ಮಷೀನಿಗೆ ಖಂಡೇಪೂಜಿ ಹೆಂಗ ಮಾಡೂದು? ಬಂದ್ ಮಾಡಿದೆ.”

“ಮತ್ತ ಅಕೀನ ಕೆಡಿಸ್ಯಾಳ ಅಂತ ಬೀಗರ ಮುಂದ ಯಾಕ ಒದರಿದ್ರಿ?”

“ಮೆಲ್ಲಕ ಮಾತಾಡ, ಮಂದಿ ಕೇಳ್ತಾರ.” ಮುದುಕ ಧೋತರದಿಂದ ವಿಭೂತಿ ಒರೆಸತೊಡಗಿದ.

ಅವರ ಸರದಿ ಬಂತು. ಗುಮಾಸ್ತ ಮೋಡೆಮ್ ತಿರುವಿ ನೋಡಿದ.

“ಅಪ್‌ಡೇಟ್ ನಡುವ ಕರೆಂಟ್ ಹೋಗಿತ್ತೇನ್ರಿ?”

ಮುದುಕ ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ.

“ಇಲ್ರಿ. ನಾನ ಬಂದ್ ಮಾಡಿದೆ.”

ಹೊರಗೆ ಹೋಗುತ್ತ ಹೆಂಡತಿ ಹೇಳಿದಳು: “ಇದನ್ನ ಮನ್ಯಾಗೂ ಹೇಳ್ರಿ, ಬೀಗರ ಮುಂದ.”

“ಅವರು ಮಧ್ಯಾಹ್ನದ ಬಸ್ಸಿಗೆ ಹೋಗ್ತಾರಲ್ಲ?”

“ಅದಕ್ಕ ಲಗೂ ನಡೀರಿ.”