ಸಾಹುಕಾರನ ಎಡಗೈ

ತುಂಗಭದ್ರೆಯ ಕಾಲುವೆ ಹರಿಯುವ ಒಂದೂರಿನಲ್ಲಿ ಅಕ್ಕಿ ಗಿರಣಿಯ ಸಾಹುಕಾರನೊಬ್ಬನಿದ್ದ. ಕೆಟ್ಟವನಲ್ಲ, ಕೇಳಿ. ಮಗಳೆಂದರೆ ಪ್ರಾಣ. ಅವಳ ಅಕ್ಷರಾಭ್ಯಾಸದ ದಿನ ಬೆಳ್ಳಿಯ ತಟ್ಟೆ, ತಟ್ಟೆ ತುಂಬ ತನ್ನ ಗಿರಣಿಯದೇ ಅಕ್ಕಿ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬಲಗೈಯಲ್ಲಿ ಅವಳ ಬೆರಳು ಹಿಡಿದ. ಎಡಗೈಯಲ್ಲಿ? ಎಡಗೈಯಲ್ಲಿ ಫೋನು. ಗಿರಣಿ ಪೂಜೆಗೆ ಕಾಯುತ್ತದೆಯೇ? "ಲಾರಿ ಬಂತೇನು?" ಎನ್ನುತ್ತಲೇ 'ಅ' ಬರೆಸಿದ. ಬಂದವರು ಹೋಳಿಗೆ ಉಂಡು, ಹರಸಿ ಹೋದರು.

ಮಗಳು ಬಾಲವಾಡಿಗೆ ಸೇರಿದಳು. ಟೀಚರು ಮರಳಿನ ತಟ್ಟೆ ಮುಂದಿಟ್ಟು "ಬರಿಯವ್ವಾ" ಎಂದರೆ ಅವಳು ಎಡಗೈಯನ್ನು ಕಿವಿಗೆ ಹಚ್ಚಿ, "ಲಾರಿ ಬಂತೇನು?" ಎಂದು ಕೇಳಿಯೇ ಬರೆಯುವಳು. ಹಿಡಿಯುವ ಕೈಯಿಲ್ಲದ ತಟ್ಟೆ ಜಾರುವುದು, ಬರೆದದ್ದು ಅಳಿಸಿಹೋಗುವುದು, ಅವಳು ಅಳುವಳು. ಮಕ್ಕಳ ಸಂಗತಿ ನೋಡಿ, ವಾರದೊಳಗೆ ಇಡೀ ಬಾಲವಾಡಿಯೇ ಕಿವಿಗೆ ಕೈಯಿಟ್ಟು ಲಾರಿ ಕಾಯತೊಡಗಿತು.

ಟೀಚರು ಸಾಹುಕಾರನನ್ನು ಕರೆಸಿದರು. "ಸಾಹುಕಾರ್ರ, ಲಾರಿ ಬಂದ್ರ ನಮಗೂ ಹೇಳ್ರಿ. ಅಲ್ಲೀತನ ಯಾರೂ ಅಕ್ಷರ ಮುಟ್ಟವಲ್ರು. ನಿಮ್ಮ ಮಗಳಂತೂ ತಟ್ಟಿ ಕಂಡ್ರ ಅಳ್ತಾಳ."

ಅವನು ನಕ್ಕು, ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿದ. "ಹಂಗ್ಯಾಕ ಮಾಡ್ತೀಯವ್ವಾ?"

"ಅಕ್ಷರ ಹಂಗ ಬರೀತಾರಪ್ಪ. ನೀನ ಕಲ್ಸೀಯಲ್ಲ."

ನಗು ನಿಂತಿತು. ಫೋನನ್ನು ಟೀಚರ ಮೇಜಿನ ಮೇಲಿಟ್ಟು, ಬಿಳಿಯಂಗಿಯಲ್ಲೇ ನೆಲಕ್ಕೆ ಚೆಲ್ಲಿದ್ದ ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ.

"ಲಾರಿ?" ಎಂದಳು ಮಗಳು.

"ಬಂದ್ರ ನಿಂತಿರ್ತೈತಿ. ನಾನೂ ತಟ್ಟಿ ಹಿಡೀತೀನಿ, ನೀನೂ ಹಿಡಿ."

ತಟ್ಟೆ ಜಾರಲಿಲ್ಲ. 'ಅ' ಉಳಿಯಿತು.

"ಅ ಅಂದ್ರ ಏನವ್ವಾ?"

"ಅಂಗಿ. ನಿನ್ನ ಅಂಗಿ ಹೊಲಸಾತು, ಅವ್ವ ಬಯ್ತಾಳ."

ಬಾಲವಾಡಿಗೆ ಬಾಲವಾಡಿಯೇ ನಕ್ಕಿತು. ಎಲ್ಲ ಕೈಗಳೂ ಕಿವಿಯಿಂದ ತಟ್ಟೆಗೆ ಇಳಿದವು.

ಈಗ ಹೇಳಿ, ಆ ಸಾಹುಕಾರ ಯಾರು? ಒಳ್ಳೆಯ ಶಾಲೆಗೆ ಹಾಕಿದ್ದೇವಲ್ಲ, ಇನ್ನೇನು ಬೇಕು ಎನ್ನುವ ನಾವೇ. ತಾಯಿತಂದೆಯರೇ, ಟೀಚರು ಎರಡನೆಯ ಗುರು. ಮೊದಲ ಪಾಠ ನಮ್ಮಿಂದ ಆಗಿಯೇ ಹೋಗಿದೆ, ನಮಗೇ ಗೊತ್ತಿಲ್ಲದೆ. ದುಡಿದು ಬಂದಿರುತ್ತೀರಿ, ಸೊಂಟ ಬಿದ್ದುಹೋಗಿರುತ್ತದೆ, ಬಲ್ಲೆ. ಆದರೂ ಇಂದು ಕುಕ್ಕರು ಕೂಗುವಷ್ಟು ಹೊತ್ತಾದರೂ ಮಗುವಿನ ಪಕ್ಕ ನೆಲಕ್ಕೆ ಕೂತುಕೊಳ್ಳಿ. ಅದು ಗೀಚಿದ್ದನ್ನು ನೋಡದೆಯೇ ಚಂದ ಇದೆ ಎನ್ನಬೇಡಿ. ಇದೇನು ಎಂದು ಕೇಳಿ. ಆನೆ ಎಂದರೆ, ಸೊಂಡಿಲೆಲ್ಲಿ ಎಂದು ಕೇಳಿ. ನಿದ್ದೆ ಬಂತೇ? ಅಲ್ಲೇ ಒರಗಿ. ಸೊಂಡಿಲು ಬರೆದು ಮುಗಿಸಿ ಮಗುವೇ ನಿಮ್ಮನ್ನು ಎಬ್ಬಿಸುತ್ತದೆ.